ಶಾಲೆಗೆ ಸಿಎಸ್‌ಆರ್ ಶೌಚಾಲಯ: ಬೀಗ ಬೀಳದ ಹಾಗೆ ಕಟ್ಟಿಸುವುದು ಹೇಗೆ?

ಹಳದಿ ಗೋಡೆ, ಅದರ ಮೇಲೆ ಚಿಟ್ಟೆಯ ಚಿತ್ರ, ಬಾಗಿಲ ಮೇಲೆ ಕಂಪನಿಯ ಹೆಸರು. ಬಾಗಿಲಿಗೆ ಬೀಗ. ತುಮಕೂರು ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯವನ್ನು ನಾನು ಹೀಗೆ ನೋಡಿದೆ. ಕಟ್ಟಿಸಿದ್ದು ಆಗ ನಾನು ಕೆಲಸಕ್ಕಿದ್ದ ಕಂಪನಿಯೇ. ಉದ್ಘಾಟನೆ ಆಗಿ ಏಳು ತಿಂಗಳಾಗಿತ್ತು. ಏಳನೇ ಕ್ಲಾಸಿನ ಹುಡುಗಿ ಮೆಲ್ಲಗೆ ಹೇಳಿದಳು: "ನಾವು ಮನೆಗೆ ಹೋಗೋವರೆಗೂ ನೀರೇ ಕುಡಿಯಲ್ಲ ಮಿಸ್."

ನಮ್ಮ ಫೈಲಿನಲ್ಲಿ ಮಾತ್ರ ಆ ಕೆಲಸ ಚೆನ್ನಾಗಿ ಮುಗಿದಿತ್ತು. ಬಿಲ್ ಇತ್ತು, ಫೋಟೊ ಇತ್ತು, ಬೋರ್ಡ್ ಒಪ್ಪಿಗೆ ಇತ್ತು. ಇದು ನಮ್ಮೊಬ್ಬರ ಕಥೆಯೂ ಅಲ್ಲ. ಕೇಂದ್ರ ಸರ್ಕಾರಿ ಸ್ವಾಮ್ಯದ ಕಂಪನಿಗಳು ಶಾಲೆಗಳಲ್ಲಿ ಕಟ್ಟಿಸಿದ ಶೌಚಾಲಯಗಳನ್ನು, ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ ತಂಡ ಹೋಗಿ ನೋಡಿತ್ತು. 2020ರಲ್ಲಿ ಸಂಸತ್ತಿನ ಮುಂದೆ ಬಂದ ಆ ವರದಿ ಪ್ರಕಾರ, ತಂಡ ನೋಡಿದ ಶೌಚಾಲಯಗಳಲ್ಲಿ ಶೇ 72ರಷ್ಟರ ಒಳಗೆ ನಲ್ಲಿ ನೀರೇ ಇರಲಿಲ್ಲ.

ಸಿಎಸ್‌ಆರ್ ಅಂದರೆ ಕಂಪನಿ ತನ್ನ ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡುವುದು. ಕಂಪನಿಯಲ್ಲಿ ಈ ಜವಾಬ್ದಾರಿ ಹೊತ್ತ ಮ್ಯಾನೇಜರ್‌ಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ದೊಡ್ಡ ಕಂಪನಿಗೆ ಇದಕ್ಕೆಂದೇ ಒಂದು ತಂಡ ಇರುತ್ತದೆ. ಮಧ್ಯಮ ಗಾತ್ರದ ಕಾರ್ಖಾನೆಯಲ್ಲಿ ಎಚ್‌ಆರ್ ಅಥವಾ ಆಡಳಿತ ವಿಭಾಗದ ಯಾರೋ ಒಬ್ಬರ ತಲೆ ಮೇಲೆ ಬೀಳುತ್ತದೆ, ಅದೂ ಹಣಕಾಸು ವರ್ಷ ಮುಗಿಯುತ್ತಾ ಬಂದ ಜನವರಿ ತಿಂಗಳಲ್ಲಿ.

ಹೆಜ್ಜೆ 1: ಎಷ್ಟು ದುಡ್ಡು?

ಇದು ಸುಲಭ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ನೋಡಿ. ಹಿಂದಿನ ವರ್ಷ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1000 ಕೋಟಿ, ನಿವ್ವಳ ಲಾಭ 5 ಕೋಟಿ ರೂಪಾಯಿ, ಈ ಮೂರರಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ್ದರೆ, ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಖರ್ಚು ಮಾಡಬೇಕು. ಆ ಮೊತ್ತ 50 ಲಕ್ಷ ದಾಟದಿದ್ದರೆ ಪ್ರತ್ಯೇಕ ಸಿಎಸ್‌ಆರ್ ಸಮಿತಿ ಬೇಡ, ಬೋರ್ಡೇ ನೋಡಿಕೊಳ್ಳಬಹುದು. ಉಳಿದ ಲೆಕ್ಕ ನಿಮ್ಮ ಕಂಪನಿ ಸೆಕ್ರೆಟರಿಗೆ ಗೊತ್ತು.

ಹೆಜ್ಜೆ 2: ಯಾವುದು ಸಿಎಸ್‌ಆರ್ ಅಲ್ಲ?

ನಿಮ್ಮ ನೌಕರರ ಮಕ್ಕಳಿಗಷ್ಟೇ ಕೊಡುವ ಸ್ಕಾಲರ್‌ಶಿಪ್ ಅಲ್ಲ. ಒಂದು ದಿನದ ಮ್ಯಾರಥಾನ್ ಅಲ್ಲ. ಜಾಹೀರಾತಿಗಾಗಿ ಕೊಡುವ ಸ್ಪಾನ್ಸರ್‌ಶಿಪ್ ಅಲ್ಲ. ರಾಜಕೀಯ ಪಕ್ಷಕ್ಕೆ ಕೊಡುವ ದೇಣಿಗೆ ಖಂಡಿತ ಅಲ್ಲ. ಕಾನೂನು ಪ್ರಕಾರ ನೀವು ಮಾಡಲೇಬೇಕಾದ ಕೆಲಸವೂ ಇದರಲ್ಲಿ ಸೇರುವುದಿಲ್ಲ.

ಈ ಕೊನೆಯದರ ಬಗ್ಗೆ ಒಂದು ಮಾತು. ಕಾರ್ಖಾನೆಯ ಕೊಳೆ ನೀರನ್ನು ಶುದ್ಧ ಮಾಡುವ ಘಟಕ ಸರಿಯಾಗಿ ಓಡುತ್ತಿಲ್ಲ ಅಂದರೆ ಮೊದಲು ಅದನ್ನು ಸರಿಮಾಡಿಸಿ, ಕಂಪನಿಯ ಸ್ವಂತ ದುಡ್ಡಿನಲ್ಲಿ. ಊರ ಕೆರೆಗೆ ಕಪ್ಪು ನೀರು ಬಿಟ್ಟು ಅದೇ ಊರ ಶಾಲೆಗೆ ಬಣ್ಣ ಹೊಡೆಸಿದರೆ ಜನ ನಂಬುವುದಿಲ್ಲ. ನಂಬಲೂಬಾರದು. ಗುತ್ತಿಗೆ ಕಾರ್ಮಿಕರ ಪಿಎಫ್ ಬಾಕಿ ಇದ್ದರೂ ಇದೇ ಮಾತು.

ಹೆಜ್ಜೆ 3: ಯಾರ ಕೈಯಲ್ಲಿ ಮಾಡಿಸುವುದು?

ಸಂಸ್ಥೆಯೊಂದರ ಮೂಲಕ ಮಾಡಿಸುವುದಾದರೆ ಅದಕ್ಕೆ ಕೇಂದ್ರದ ಕಂಪನಿ ವ್ಯವಹಾರ ಸಚಿವಾಲಯದ ಸಿಎಸ್‌ಆರ್-1 ನೋಂದಣಿ ಸಂಖ್ಯೆ ಇರಲೇಬೇಕು. 2021ರ ಏಪ್ರಿಲ್‌ನಿಂದ ಇದು ಕಡ್ಡಾಯ. ಆದರೆ ನಂಬರ್ ಇದ್ದ ಮಾತ್ರಕ್ಕೆ ಸಂಸ್ಥೆ ಒಳ್ಳೆಯದು ಅಂತಲ್ಲ. ಅವರ ಪವರ್ ಪಾಯಿಂಟ್ ನೋಡಬೇಡಿ. ಮೂರು ವರ್ಷದ ಹಿಂದೆ ಅವರು ಮಾಡಿದ ಒಂದು ಕೆಲಸ ತೋರಿಸಲು ಹೇಳಿ. ಹೊಸದಲ್ಲ, ಹಳೆಯದು. ಅಲ್ಲಿಗೆ ಹೇಳದೆ ಕೇಳದೆ ಹೋಗಿ.

"ಒಂದು ಕೋಟಿ ಕೊಡಿ, ನಮ್ಮ ಪಾಲು ಹಿಡಿದು ಉಳಿದದ್ದನ್ನು ನಗದಾಗಿ ವಾಪಸ್ ಕೊಡುತ್ತೇವೆ" ಅನ್ನುವವರೂ ಸಿಗುತ್ತಾರೆ. ಒಬ್ಬರು ನನ್ನೆದುರೇ ಕುಳಿತು ಹೀಗೆ ಹೇಳಿದ್ದರು. ಇದು ಕಳ್ಳತನ. ಅಂಥವರ ಜೊತೆ ಎರಡನೇ ಮೀಟಿಂಗ್ ಬೇಡ. ಹೀಗೊಬ್ಬರು ಬಂದಿದ್ದರು ಅಂತ ಬೋರ್ಡಿಗೆ ಬರೆದು ತಿಳಿಸಿ. ನೀವು ಕೆಲಸ ವಹಿಸುವ ಸಂಸ್ಥೆ ನಿಮ್ಮ ಡೈರೆಕ್ಟರ್ ಮನೆಯವರ ಟ್ರಸ್ಟ್ ಆಗಿದ್ದರೆ ಆ ಸಂಬಂಧವನ್ನೂ ಬರವಣಿಗೆಯಲ್ಲಿ ದಾಖಲಿಸಿ. ಬಾಯಿಮಾತಿನಲ್ಲಿ ಹೇಳಿ ಸುಮ್ನೆ ಕೂರಬೇಡಿ.

ಹೆಜ್ಜೆ 4: ಶಾಲೆಗೆ ಹೋಗಿ. ಮತ್ತೆ ಹೋಗಿ.

ಜನ ಎಡವುವುದು ಇಲ್ಲೇ. ಒಂದು ಸಲ ಹೋಗುತ್ತಾರೆ. ಹೆಡ್‌ಮೇಷ್ಟ್ರು ಹೂಗುಚ್ಛ ಕೊಟ್ಟು "ಏನು ಕೊಟ್ಟರೂ ಸಂತೋಷ ಸರ್" ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಅವರ ಜಾಗದಲ್ಲಿ ನೀವಿದ್ದರೂ ಅದನ್ನೇ ಹೇಳುತ್ತಿದ್ದಿರಿ, ಅಲ್ವಾ? ಕೊಡಲು ಬಂದವರ ಹತ್ತಿರ ಬೇಡ ಅನ್ನುವುದು ಕಷ್ಟ.

ಕನಿಷ್ಠ ಮೂರು ಸಲ ಹೋಗಿ. ಒಂದು ಸಲ ಬೆಳಿಗ್ಗೆ ಆರು ಗಂಟೆಗೆ ಹೋಗಿ. ಯಾಕೆ ಗೊತ್ತಾ? ಎಷ್ಟೋ ಹಳ್ಳಿಗಳಲ್ಲಿ ನೀರುಗಂಟಿ ವಾಲ್ವ್ ತಿರುಗಿಸುವುದು ಆಗಲೇ. ಶಾಲೆ ಬಾಗಿಲು ತೆರೆಯುವ ಹೊತ್ತಿಗೆ ನೀರು ನಿಂತಿರುತ್ತದೆ. ನಮ್ಮ ಆ ಹಳದಿ ಶೌಚಾಲಯಕ್ಕೆ ಬೀಗ ಬಿದ್ದದ್ದು ಹೀಗೇ. ಮೇಲೆ ಸಿಂಟೆಕ್ಸ್ ಇತ್ತು, ಪೈಪೂ ಇತ್ತು. ಆದರೆ ನೀರು ಬರುವ ಹೊತ್ತಿನಲ್ಲಿ ನಲ್ಲಿ ತಿರುಗಿಸಲು ಶಾಲೆಯಲ್ಲಿ ಯಾರೂ ಇರುತ್ತಿರಲಿಲ್ಲ. ನೆಲಮಟ್ಟದಲ್ಲಿ ಒಂದು ತೊಟ್ಟಿ, ತಾನಾಗಿ ತುಂಬಿ ತಾನಾಗಿ ನಿಲ್ಲಲು ಒಂದು ಫ್ಲೋಟ್ ವಾಲ್ವ್, ಮೇಲೆತ್ತಲು ಅರ್ಧ ಎಚ್‌ಪಿ ಮೋಟರ್. ಇಷ್ಟು ಹಾಕಿದ್ದರೆ ಸಾಕಿತ್ತು. ನೀರುಗಂಟಿಯನ್ನು ಒಂದು ಮಾತು ಕೇಳಿದ್ದರೆ ಅವರೇ ಹೇಳುತ್ತಿದ್ದರು.

ಎರಡನೇ ಸಲ ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಹೋಗಿ. ಅಡುಗೆಯವರ ಹತ್ತಿರ ಕೂತು ಮಾತಾಡಿ. "ಅಕ್ಕಾ, ಪಾತ್ರೆ ತೊಳೆಯೋಕೆ ನೀರು ಎಲ್ಲಿಂದ ತರ್ತೀರಿ?" ಅಂತ ಕೇಳಿ ನೋಡಿ. ಶಾಲೆಯ ನೀರಿನ ಪೂರ್ತಿ ಚರಿತ್ರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಮೂರನೇ ಸಲ ಹುಡುಗಿಯರ ಜೊತೆ ಮಾತು. ಈ ಮಾತನ್ನು ಒಬ್ಬ ಹೆಂಗಸೇ ಆಡಬೇಕು, ಗಂಡಸರು ಹೊರಗೆ ನಿಲ್ಲಬೇಕು. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಅವರು ಕೇಳುವುದು ದೊಡ್ಡದೇನಲ್ಲ. ಒಳಗಿನಿಂದ ಹಾಕಿಕೊಳ್ಳುವ ಚಿಲಕ, ಅದೂ ತಮ್ಮ ಕೈಗೆ ಎಟುಕುವ ಎತ್ತರದಲ್ಲಿ. ಬಟ್ಟೆ ನೇತುಹಾಕಲು ಒಂದು ಮೊಳೆ. ಮುಚ್ಚಳ ಇರುವ ಕಸದ ಡಬ್ಬ. ಹುಡುಗರ ಆಟದ ಜಾಗಕ್ಕೆ ಎದುರಾಗದ ಬಾಗಿಲು. ಈ ನಾಲ್ಕರಲ್ಲಿ ಒಂದೂ ನಮ್ಮ ಡ್ರಾಯಿಂಗ್‌ನಲ್ಲಿ ಇರಲಿಲ್ಲ.

ಸಾಮಾನಿನ ಬಗ್ಗೆ ನನ್ನ ಅಭಿಪ್ರಾಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಲಾರಿಯಲ್ಲಿ ತಂದು ಇಳಿಸುವ ಫೈಬರ್ ಶೌಚಾಲಯ ಬೇಡ. ಒಂದೇ ದಿನದಲ್ಲಿ ನಿಲ್ಲುತ್ತದೆ, ನಿಜ. ಆದರೆ ಏಪ್ರಿಲ್ ಬಿಸಿಲಿಗೆ ಒಳಗೆ ಕೂರಲು ಆಗುವುದಿಲ್ಲ, ಬಾಗಿಲ ಹಿಂಜುಗಳು ಬೇಗ ಕಿತ್ತುಬರುತ್ತವೆ. ಇಟ್ಟಿಗೆ ಗೋಡೆಯೇ ಕಟ್ಟಿಸಿ. ಪ್ಲಾಸ್ಟಿಕ್ ನಲ್ಲಿ ಬೇಡ, ಹಿತ್ತಾಳೆಯದು ಹಾಕಿಸಿ. ಪ್ಯಾನ್ ಕೊಳ್ಳುವಾಗ ಇಳಿಜಾರು ಜಾಸ್ತಿ ಇರುವ ರೂರಲ್ ಪ್ಯಾನ್ ಕೇಳಿ. ಅದಕ್ಕೆ ಎರಡು ಲೀಟರ್ ನೀರು ಸಾಕು. ಪೇಟೆಯ ಸಾಮಾನ್ಯ ಪ್ಯಾನ್‌ಗೆ ಅದರ ಎಷ್ಟೋ ಪಟ್ಟು ಬೇಕು. ಗುಂಡಿ ಎರಡಿರಲಿ. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿದರೆ ಮೊದಲಿನದು ಒಳಗೇ ಕೊಳೆತು ಗೊಬ್ಬರವಾಗುತ್ತದೆ. ಬೋರ್‌ವೆಲ್‌ನಿಂದ 10 ಮೀಟರ್ ಒಳಗೆ ಗುಂಡಿ ತೋಡಲು ನಾನು ಒಪ್ಪುವುದಿಲ್ಲ. ಗೋಡೆಗೆ ಹಾಕುವ ಅಗ್ಗದ ಪ್ಯಾಡ್ ಸುಡುವ ಯಂತ್ರಗಳನ್ನೂ ನಾನು ಕೊಳ್ಳುವುದಿಲ್ಲ. ಕರೆಂಟ್ ಇಲ್ಲದಾಗ ಅರ್ಧ ಸುಟ್ಟು ನಿಲ್ಲುತ್ತವೆ, ಹೊಗೆ ತರಗತಿಗೆ ಬರುತ್ತದೆ.

ಹೆಜ್ಜೆ 5: ತೊಳೆಯುವವರು ಯಾರು?

ಮೊದಲ ರೂಪಾಯಿ ಕೊಡುವ ಮುಂಚೆ ಈ ಪ್ರಶ್ನೆಗೆ ಒಬ್ಬರ ಹೆಸರು ಉತ್ತರವಾಗಿ ಸಿಗಬೇಕು. "ಶಾಲೆಯವರು ನೋಡ್ಕೋತಾರೆ" ಅನ್ನುವುದು ಉತ್ತರ ಅಲ್ಲ. ಎಷ್ಟೋ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕಸ ಗುಡಿಸಲೂ ನೌಕರರಿಲ್ಲ. ಯಾರೂ ಇಲ್ಲದಾಗ ಆ ಕೆಲಸ ಮಕ್ಕಳ ಮೇಲೆ ಬೀಳುತ್ತದೆ, ಅದರಲ್ಲೂ ಯಾವ ಮಕ್ಕಳ ಮೇಲೆ ಅಂತ ನಮಗೆಲ್ಲ ಗೊತ್ತು. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ ಸುದ್ದಿ ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ನಾವು ಕಟ್ಟಿಸುವ ಕಟ್ಟಡ ಇನ್ನೊಂದು ಮಗುವಿಗೆ ಆ ಗತಿ ತರಬಾರದು.

ಹಾಗಾಗಿ ಒಂದು ಕಾಗದ ಮಾಡಿ. ಕಂಪನಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ), ಗ್ರಾಮ ಪಂಚಾಯಿತಿ, ಮೂವರೂ ಸಹಿ ಹಾಕಲಿ. ಅದರ ಒಂದು ಪ್ರತಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಲಿ. ಅಲ್ಲಿನ ಅನುಮತಿ ಹೇಗೂ ಬೇಕು. ತೊಳೆಯುವವರ ಹೆಸರು, ತಿಂಗಳ ಸಂಬಳ, ಅದು ಯಾವ ತಾರೀಕಿಗೆ ಅವರ ಬ್ಯಾಂಕ್ ಖಾತೆಗೆ ಬರುತ್ತದೆ, ಕೈಗವಸು ಮತ್ತು ಫಿನಾಯಿಲ್ ಯಾರು ತರುತ್ತಾರೆ, ಮೋಟರ್ ಸುಟ್ಟರೆ ಯಾರಿಗೆ ಫೋನ್ ಮಾಡಬೇಕು, ಕರೆಂಟ್ ಬಿಲ್ ಯಾರದು, ಗುಂಡಿ ತುಂಬಿದರೆ ಯಾರ ಖರ್ಚು, ಬೀಗದ ಕೈ ಎಲ್ಲಿರುತ್ತದೆ, ಎಲ್ಲವೂ ಅದರಲ್ಲಿರಲಿ. ಮಕ್ಕಳ ಕೈಯಲ್ಲಿ ತೊಳೆಸಬಾರದು ಅನ್ನುವ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ. ಕನ್ನಡದಲ್ಲೇ ಬರೆಸಿ. ಎಸ್‌ಡಿಎಂಸಿ ಅಧ್ಯಕ್ಷರು ಮಕ್ಕಳ ಅಪ್ಪನೋ ಅಮ್ಮನೋ ಆಗಿರುತ್ತಾರೆ. ಹನ್ನೆರಡು ಪುಟದ ಇಂಗ್ಲಿಷ್ ಒಪ್ಪಂದಕ್ಕೆ ಅವರ ಸಹಿ ಪಡೆಯುವುದು ನ್ಯಾಯವಲ್ಲ.

ಸಂಬಳಕ್ಕೆ ದುಡ್ಡು ಎಲ್ಲಿಂದ ಅಂತ ಕೇಳುತ್ತೀರಿ. ಸಿಎಸ್‌ಆರ್‌ನಿಂದಲೇ ಕೊಡಬಹುದು. ಮೊದಲೇ ಬೋರ್ಡಿನಲ್ಲಿ ಇದನ್ನು 'ಮುಂದುವರಿಯುವ ಯೋಜನೆ' ಅಂತ ಒಪ್ಪಿಗೆ ಪಡೆಯಿರಿ. ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ನಡೆಸಲು ಅವಕಾಶವಿದೆ. ಆ ಹೊತ್ತಿಗೆ ಪಂಚಾಯಿತಿ ಈ ಖರ್ಚನ್ನು ತನ್ನ ಬಜೆಟ್‌ಗೆ ತೆಗೆದುಕೊಳ್ಳಬೇಕು ಅಂತ ಕಾಗದದಲ್ಲೇ ಬರೆಸಿ, ಎರಡನೇ ವರ್ಷದಿಂದಲೇ ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ) ನೆನಪಿಸುತ್ತಿರಿ.

ಮಾರ್ಚ್ ಬಂದುಬಿಟ್ಟರೆ?

ಗಾಬರಿಯಾಗಿ ದುಡ್ಡು ಸುರಿಯಬೇಡಿ. ಕೆಲಸ ಮಾಡಿಸುವ ಸಂಸ್ಥೆಯ ಖಾತೆಗೆ ಹಾಕಿದ ಮಾತ್ರಕ್ಕೆ ಅದು ಖರ್ಚಾದ ಹಾಗಲ್ಲ, ಅವರು ಅದನ್ನು ಬಳಸಿರಬೇಕು. ಮುಂದುವರಿಯುವ ಯೋಜನೆಯಲ್ಲಿ ಉಳಿದ ದುಡ್ಡನ್ನು ಏಪ್ರಿಲ್ 30ರ ಒಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಿದರೆ ಮೂರು ವರ್ಷ ಟೈಮ್ ಸಿಗುತ್ತದೆ. ಬೇರೆ ಯೋಜನೆಯದಾದರೆ ಸೆಪ್ಟೆಂಬರ್ 30ರ ಒಳಗೆ ಕಾಯ್ದೆಯ 7ನೇ ಶೆಡ್ಯೂಲ್ ಹೇಳುವ ನಿಧಿಗೆ ಕಟ್ಟಿ. ಅದೇನು ಅವಮಾನ ಅಲ್ಲ. ಯಾರಿಗೂ ಬೇಡದ ಐವತ್ತು ಸ್ಮಾರ್ಟ್ ಟಿವಿ ಕೊಂಡು ಹಂಚುವುದಕ್ಕಿಂತ ಎಷ್ಟೋ ಪ್ರಾಮಾಣಿಕ ದಾರಿ.

ಹೆಜ್ಜೆ 6: ಬಿಲ್ಲು, ಫಲಕ, ಉದ್ಘಾಟನೆ

ದುಡ್ಡನ್ನು ಕಂತಿನಲ್ಲಿ ಕೊಡಿ. ಕೊನೆಯ ಶೇ 20ನ್ನು ಶೌಚಾಲಯ ಆರು ತಿಂಗಳು ಬಳಕೆಯಾದ ಮೇಲೆ ಕೊಡಿ. ದುಡ್ಡು ಸರಿಯಾಗಿ ಬಳಕೆಯಾಗಿದೆ ಅಂತ ಕಂಪನಿಯ ಸಿಎಫ್‌ಒ (ಹಣಕಾಸು ಮುಖ್ಯಸ್ಥರ) ಪ್ರಮಾಣಪತ್ರ ಬೇಕು. 2023ರ ಅಕ್ಟೋಬರ್‌ನಿಂದ ಸಿಎಸ್‌ಆರ್ ಖರೀದಿಗೆ ಕೊಟ್ಟ ಜಿಎಸ್‌ಟಿಯನ್ನು ಕಂಪನಿ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಮುರಿದುಕೊಳ್ಳಲು (ಇನ್‌ಪುಟ್ ಕ್ರೆಡಿಟ್) ಆಗುವುದಿಲ್ಲ, ಆ ತೆರಿಗೆಯನ್ನು ಬಜೆಟ್ ಹಾಕುವಾಗಲೇ ಸೇರಿಸಿಕೊಳ್ಳಿ. ಕಂಪನಿಯ ಫಲಕ ಅಂಗೈಯಗಲ ಸಾಕು. ಹುಡುಗಿಯರನ್ನು ಶೌಚಾಲಯದ ಮುಂದೆ ನಿಲ್ಲಿಸಿ ಫೋಟೊ ತೆಗೆಯಬೇಡಿ.

ಹೆಜ್ಜೆ 7: ಮೇ ಕೊನೆಯ ವಾರ

ಬೇಸಿಗೆ ರಜೆಯಲ್ಲಿ ಶಾಲೆಗೆ ಯಾರೂ ಬಂದಿರುವುದಿಲ್ಲ. ತೊಟ್ಟಿ ಒಣಗಿ ತಳದಲ್ಲಿ ಕೆಸರು ಕೂತಿರುತ್ತದೆ. ಪೈಪ್ ಒಳಗೆ ಕಣಜ ಗೂಡು ಕಟ್ಟಿರುತ್ತದೆ. ಕೆಲವು ಕಡೆ ಮೋಟರ್ ಕಳುವಾಗಿರುತ್ತದೆ. ಶಾಲೆ ಶುರುವಾಗುವ ಮುಂಚೆ ಒಬ್ಬ ಪ್ಲಂಬರ್ ಕರೆದುಕೊಂಡು ನೀವೇ ಹೋಗಿ. ತೊಟ್ಟಿ ತೊಳೆಸಿ, ಮೋಟರ್ ಹಾಕಿ ನೋಡಿ, ಪ್ರತಿ ಬಾಗಿಲ ಚಿಲಕವನ್ನೂ ಒಳಗಿನಿಂದ ಹಾಕಿ ತೆಗೆದು ನೋಡಿ. ತೊಳೆಯುವ ಅಕ್ಕನಿಗೆ ಏಪ್ರಿಲ್ ಮತ್ತು ಮೇ ಸಂಬಳ ಬಂದಿದೆಯಾ ಅಂತ ಅವರನ್ನೇ ಕೇಳಿ.