ಒಲೆ ಊದಿದ ಹಾಗೆ ಊದಿ, ಹಾಗೇ ನಿಲ್ಲಿಸಿ

ನಮ್ಮ 1.5 ಟೆಸ್ಲಾ (ಟೆಸ್ಲಾ ಎಂದರೆ ಅಯಸ್ಕಾಂತದ ಬಲದ ಅಳತೆ) ಎಂಆರ್‌ಐ ಯಂತ್ರದಲ್ಲಿ ಲಿವರ್ ಸ್ಕ್ಯಾನ್ ಸರಿಯಾಗಿ ಬರುವುದಿಲ್ಲ ಎಂಬ ಮಾತನ್ನು ಮೂರು ವರ್ಷ ಕೇಳಿಸಿಕೊಂಡೆ. ರಾಜಾಜಿನಗರದ ಆಸುಪಾಸಿನ ವೈದ್ಯರು ಮಂಡಿ, ಬೆನ್ನು, ತಲೆ ಎಲ್ಲವನ್ನೂ ನಮ್ಮಲ್ಲಿಗೆ ಕಳಿಸುತ್ತಿದ್ದರು. ಸಿರೋಸಿಸ್ (ಯಕೃತ್ತು ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ) ಇದ್ದವರ ಯಕೃತ್ತಿನಲ್ಲಿ ಗಂಟು ಕಂಡರೆ ಮಾತ್ರ 3 ಟೆಸ್ಲಾ ಇರುವ ಕಡೆಗೆ ಚೀಟಿ ಬರೆಯುತ್ತಿದ್ದರು. ಅವರನ್ನು ದೂರುವಂತಿರಲಿಲ್ಲ. ಆಗ ನಮ್ಮ ಹತ್ತು ಸ್ಕ್ಯಾನುಗಳಲ್ಲಿ ನಾಲ್ಕರ ಆರ್ಟೀರಿಯಲ್ ಫೇಸ್, ಅಂದರೆ ಕಾಂಟ್ರಾಸ್ಟ್ ಮದ್ದು ಅಪಧಮನಿಯ ಮೂಲಕ ಯಕೃತ್ತಿಗೆ ತಲುಪುವ ಹೊತ್ತಿನ ಚಿತ್ರ, ಕೆಟ್ಟಿರುತ್ತಿತ್ತು. ಈಗ ಇಪ್ಪತ್ತರಲ್ಲಿ ಒಂದು ಕೆಟ್ಟರೆ ಹೆಚ್ಚು. ಯಂತ್ರ ಅದೇ, ಮೈಮೇಲಿಟ್ಟು ಸಂಕೇತ ಹಿಡಿಯುವ ಕಾಯಿಲ್ ಅದೇ.

ಮೊದಲ ತಪ್ಪು ನಮ್ಮ ಕೈಯದು. ಕಾಂಟ್ರಾಸ್ಟನ್ನು ಸಿರಿಂಜಿನಲ್ಲಿ ಕೈಯಿಂದಲೇ ಒತ್ತಿ, 25 ಸೆಕೆಂಡ್ ಎಣಿಸಿ ಸ್ಕ್ಯಾನ್ ಶುರು ಮಾಡುತ್ತಿದ್ದೆವು. ಒಬ್ಬರ ರಕ್ತ ಓಡುವ ವೇಗ ಇನ್ನೊಬ್ಬರದಲ್ಲ. ಕರುಳಿನಿಂದ ಯಕೃತ್ತಿಗೆ ರಕ್ತ ತರುವ ಪೋರ್ಟಲ್ ವೇನ್ ಇನ್ನೂ ಕಪ್ಪಗಿರುವಾಗಲೇ ಚಿತ್ರ ಮುಗಿದಿರುತ್ತಿತ್ತು, ಇಲ್ಲವೇ ಯಕೃತ್ತಿನಿಂದ ರಕ್ತ ಹೊರಗೊಯ್ಯುವ ಹೆಪ್ಯಾಟಿಕ್ ವೇನ್‌ಗಳೂ ಬೆಳಗಿ ಹೊತ್ತು ಮೀರಿರುತ್ತಿತ್ತು. ಸಿರೋಸಿಸ್ ಅಥವಾ ಹಳೆಯ ಹೆಪಟೈಟಿಸ್ ಬಿ ಇರುವವರಲ್ಲಿ ಒಂದು ಸೆಂಟಿಮೀಟರಿಗೆ ಕಡಿಮೆಯಿಲ್ಲದ ಗಂಟು ಆ ನಡುವಿನ ಹೊತ್ತಿನಲ್ಲಿ ಬೆಳ್ಳಗೆ ಹೊಳೆದು, ಮುಂದಿನ ಫೇಸ್‌ಗಳಲ್ಲಿ ಸುತ್ತಲಿನದಕ್ಕಿಂತ ಕಪ್ಪಾದರೆ, ಬಯಾಪ್ಸಿ ಇಲ್ಲದೆಯೇ ಲೈ-ರಾಡ್ಸ್ 5, ಅಂದರೆ ಖಚಿತವಾಗಿ ಯಕೃತ್ತಿನ ಕ್ಯಾನ್ಸರ್, ಎಂದು ಬರೆಯಬಹುದು. ಆ ಹೊಳಪು ತಪ್ಪಿತೋ, ಮಿಕ್ಕ ಅರ್ಧ ಗಂಟೆಯ ಕೆಲಸವೆಲ್ಲ ಇದ್ದೂ ಇಲ್ಲದಂತೆ. ಅದೇ ದಿನ ಮತ್ತೆ ಕಾಂಟ್ರಾಸ್ಟ್ ಹಾಕುವಂತೆಯೂ ಇಲ್ಲ.

ಕೆಟ್ಟ ಸ್ಕ್ಯಾನಿಗೆ ಎರಡನೇ ಸಲ ಹಣ ಕೇಳಲು ನನಗೆ ಮನಸ್ಸಾಗಲಿಲ್ಲ. ಹಾಸನದಿಂದಲೋ ಕೋಲಾರದಿಂದಲೋ ಬಸ್ಸಿನಲ್ಲಿ ಬಂದವರು ಅವರು. ಹನ್ನೊಂದೋ ಹನ್ನೆರಡೋ ಜನರಿಗೆ ಉಚಿತವಾಗಿ ಮತ್ತೆ ಮಾಡಿದೆವು. ಕಾಂಟ್ರಾಸ್ಟ್, ಟ್ಯೂಬಿಂಗ್, ಖಾಲಿ ಹೋದ ಸ್ಲಾಟ್ ಎಲ್ಲ ಸೇರಿ ಆ ವರ್ಷ ಒಂದು ಲಕ್ಷದ ಹತ್ತಿರ ಕೈಬಿಟ್ಟಿತು. ಲಿವರ್ ನಿಲ್ಲಿಸಿಬಿಡಿ ಎಂದರು ಮಾಲೀಕರು. ನಿಲ್ಲಿಸುವ ಬದಲು ಕಾಂಟ್ರಾಸ್ಟನ್ನು ಒಂದೇ ವೇಗದಲ್ಲಿ ಒತ್ತುವ ಹಳೆಯದೊಂದು ಇಂಜೆಕ್ಟರ್ ಯಂತ್ರ ಕೊಡಿಸಿ ಎಂದು ಹಟ ಹಿಡಿದೆ. ಮೂರು ಮೂರೂವರೆ ಲಕ್ಷಕ್ಕೆ ಒಂದು ಸಿಕ್ಕಿತು. ಅದು ಬಂದ ಮೇಲೆ ಎಣಿಕೆ ಬಿಟ್ಟು, ಅಯೋರ್ಟಾ (ಹೃದಯದಿಂದ ಹೊರಡುವ ಮಹಾಅಪಧಮನಿ) ಬೆಳಗುವುದನ್ನು ಪರದೆಯ ಮೇಲೆ ನೋಡಿಯೇ ಉಸಿರಿನ ಸೂಚನೆ ಕೊಡುವುದು ರೂಢಿಯಾಯಿತು.

ನಡುವೆ ಯಕೃತ್ತಿನ ಜೀವಕೋಶಗಳೇ ಹೀರಿಕೊಳ್ಳುವ ಗ್ಯಾಡಾಕ್ಸೆಟೇಟ್ ಎಂಬ ಕಾಂಟ್ರಾಸ್ಟನ್ನೂ ಪ್ರಯತ್ನಿಸಿದೆವು. 20 ನಿಮಿಷದ ನಂತರದ ಅದರ ಹೆಪಟೋಬಿಲಿಯರಿ ಚಿತ್ರದ ಅಂದವೇ ಬೇರೆ. ಆದರೆ ಕೆಲವರಿಗೆ ಸರಿಯಾಗಿ ಆರ್ಟೀರಿಯಲ್ ಹೊತ್ತಿಗೇ ಉಸಿರು ತಪ್ಪುತ್ತದೆ. ನಮ್ಮ ಐದು ಜನರಲ್ಲಿ ಇಬ್ಬರಿಗೆ ಹಾಗಾಯಿತು. ಬೆಲೆಯೂ ನಮ್ಮ ರೋಗಿಗಳ ಕೈಗೆಟುಕುವಂಥದ್ದಲ್ಲ. ಸಾಮಾನ್ಯ ಗ್ಯಾಡೋಲಿನಿಯಂ ಕಾಂಟ್ರಾಸ್ಟಿಗೆ ಮರಳಿದೆವು.

ಇಷ್ಟಾದರೂ ಉಸಿರಿನ ಸಮಸ್ಯೆ ಹಾಗೇ ಉಳಿದಿತ್ತು, ನಿಜವಾದ ತೊಡಕು ಅಲ್ಲಿತ್ತು. ಯಂತ್ರದೊಳಗಿನ ಧ್ವನಿ ಇಂಗ್ಲಿಷಿನಲ್ಲಿ ಆಜ್ಞೆ ಕೊಡುತ್ತದೆ. ಅದನ್ನು ನಿಲ್ಲಿಸಿ ನಾನೇ ಕನ್ನಡದಲ್ಲಿ ಹೇಳಿದೆ, ತೆಲುಗಿನಲ್ಲಿ ಹೇಳಿದೆ. ಚಿತ್ರ ಅಷ್ಟೇನೂ ಸುಧಾರಿಸಲಿಲ್ಲ. ಕಾರಣ ತೋರಿಸಿಕೊಟ್ಟವರು ಗೌರಿಬಿದನೂರಿನ ಕಡೆಯ ಒಬ್ಬ ಅಜ್ಜಿ. ಹೆಪಟೈಟಿಸ್ ಬಿ, ಸಿರೋಸಿಸ್, ಯಕೃತ್ತಿನ ಬಲಭಾಗದಲ್ಲಿ ಎರಡು ಸೆಂಟಿಮೀಟರಿಗೂ ಕಡಿಮೆಯ ಒಂದು ಗಂಟು. ಸಿಟಿ ಸ್ಕ್ಯಾನಿನಲ್ಲಿ ಏನೂ ತೀರ್ಮಾನವಾಗಿರಲಿಲ್ಲ, ಯಕೃತ್ತಿನ ಕ್ಯಾನ್ಸರಿನ ಸುಳಿವು ಕೊಡುವ ರಕ್ತಪರೀಕ್ಷೆ ಎಎಫ್‌ಪಿಯೂ ಅಷ್ಟೇನೂ ಏರಿರಲಿಲ್ಲ. ಕಾಯುವ ಕೋಣೆಯಲ್ಲೇ ಅಭ್ಯಾಸ ಮಾಡಿಸೋಣವೆಂದು “ಉಸಿರು ಹಿಡಿಯಿರಿ ಅಜ್ಜಿ” ಎಂದೆ. ಅವರು ಎದೆ ತುಂಬ ಗಾಳಿ ಎಳೆದುಕೊಂಡು, ಆರೇ ಸೆಕೆಂಡಿಗೆ ಬಿಟ್ಟುಬಿಟ್ಟರು. ಹಿಡಿಯಿರಿ ಎಂದರೆ ಯಾರಾದರೂ ಎಳೆದೇ ಎಳೆಯುತ್ತಾರೆ. ಪ್ರತಿ ಸಲ ಎಳೆಯುವ ಅಳತೆ ಬೇರೆ, ಯಕೃತ್ತು ನಿಲ್ಲುವ ಜಾಗವೂ ಬೇರೆ. ಕಾಂಟ್ರಾಸ್ಟಿನ ನಂತರದ ಚಿತ್ರದಿಂದ ಮೊದಲಿನ ಚಿತ್ರವನ್ನು ಕಳೆಯುವ ಸಬ್‌ಟ್ರಾಕ್ಷನ್ ಮಾಡಿದಾಗ ಗಂಟಿನ ಅಂಚಿನಲ್ಲಿ ಇಲ್ಲದ ಉಂಗುರ ಕಾಣುತ್ತಿದ್ದುದು ಇದರಿಂದಲೇ.

“ಒಲೆ ಊದುತ್ತೀರಲ್ಲ, ಹಾಗೆ ಪೂರ್ತಿ ಊದಿ, ಹಾಗೇ ನಿಲ್ಲಿಸಿ” ಎಂದೆ. ಅಜ್ಜಿ ಬೆರಳುಗಳನ್ನು ಸುರುಳಿ ಮಾಡಿ ತುಟಿಗೆ ಹಿಡಿದು, “ಊದುಗೊಳವೆಯಲ್ಲಿ ಊದಿದ ಹಾಗಾ ಅಪ್ಪಾ?” ಎಂದು ಕೇಳಿ ಊದಿದರು. ಮಗಳ ಅಂಗೈಯನ್ನು ಅವರ ಹೊಟ್ಟೆಯ ಮೇಲೆ ಇಡಿಸಿದ್ದೆ. ಕೈ ಕೆಳಗಿಳಿಯಿತು, ಅಲ್ಲೇ ನಿಂತಿತು. ಹದಿನೇಳರವರೆಗೆ ಎಣಿಸಿದೆ. ನಮ್ಮಲ್ಲಿ ಒಂದು ಸಲದ ಚಿತ್ರ ತೆಗೆಯಲು ಹದಿನೈದು ಸೆಕೆಂಡ್ ಸಾಕು.

ಒಳಗೂ ಅಜ್ಜಿ ಹಾಗೆಯೇ ಊದಿದರು. ಆರ್ಟೀರಿಯಲ್ ಚಿತ್ರದಲ್ಲಿ ಹುಣಿಸೆ ಬೀಜದಷ್ಟಿದ್ದ ಗಂಟು ಬೆಳ್ಳಗೆ ಎದ್ದು ನಿಂತಿತು. ಮೂರು ನಿಮಿಷದ ಚಿತ್ರದಲ್ಲಿ ಅದೇ ಜಾಗ ಕಪ್ಪು. ಅಳತೆ 1.8 ಸೆಂಟಿಮೀಟರ್. ನಮ್ಮ ರೇಡಿಯಾಲಜಿಸ್ಟ್ ಮೇಡಂ ಎರಡು ಸಲ ನೋಡಿ ಲೈ-ರಾಡ್ಸ್ 5 ಎಂದು ಬರೆದರು. ಅಷ್ಟು ಚಿಕ್ಕದಿರುವಾಗಲೇ ಅದನ್ನು ಸುಟ್ಟು ತೆಗೆಯಲಾಯಿತು. ನಮ್ಮನ್ನು ನಂಬದಿದ್ದ ವೈದ್ಯರಲ್ಲೊಬ್ಬರು ಈಗ ಸಿರೋಸಿಸ್ ರೋಗಿಗಳನ್ನು ನೇರವಾಗಿ ನಮ್ಮಲ್ಲಿಗೇ ಕಳಿಸುತ್ತಾರೆ.

ಅಂದಿನಿಂದ ಜೊತೆಗೆ ಬಂದವರಿಗೇ ಅಭ್ಯಾಸದ ಹೊಣೆ. ಸರದಿ ಬರುವವರೆಗೆ ಹತ್ತು ಸಲ ಊದಿಸಬೇಕು. ಅದಕ್ಕೆ ಖರ್ಚು ಸೊನ್ನೆ. ಒಲೆ ಊದಿ ಗೊತ್ತಿಲ್ಲದ ಹುಡುಗರಿಗೆ ಬಿಸಿ ಕಾಫಿ ಊದುವುದನ್ನು ಹೇಳುತ್ತೇನೆ, ಆದರೆ ಅಷ್ಟು ಚೆನ್ನಾಗಿ ಬರುವುದಿಲ್ಲ. ಉಸಿರು ಸಾಲದವರಿಗೆ ಮೂಗಿನ ನಳಿಕೆಯಲ್ಲಿ ಸ್ವಲ್ಪ ಆಮ್ಲಜನಕ ಕೊಟ್ಟು, ಸ್ಲೈಸ್ ದಪ್ಪ ಮಾಡಿ ಹನ್ನೊಂದು ಸೆಕೆಂಡಿಗೆ ಇಳಿಸುತ್ತೇನೆ. ಅಯೋರ್ಟಾ ಬೆಳಗಿದ ಮೇಲೆ ಎಷ್ಟು ಕಾದು “ಊದಿ” ಎನ್ನಬೇಕೆಂಬ ಲೆಕ್ಕವನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಯಂತ್ರದಲ್ಲಿ ನೀವೇ ಕಂಡುಕೊಳ್ಳಬೇಕು.

ಇದೇ ಉಮೇದಿನಲ್ಲಿ ಎಂಆರ್‌ಸಿಪಿಗೆ (ಪಿತ್ತನಾಳಗಳ ಎಂಆರ್‌ಐ) ಅನಾನಸ್ ರಸ ಕುಡಿಸುವುದನ್ನೂ ಶುರು ಮಾಡಿದೆ. ಅದರಲ್ಲಿರುವ ಮ್ಯಾಂಗನೀಸ್‌ನಿಂದ ಜಠರ, ಕರುಳಿನೊಳಗಿನ ನೀರು ಚಿತ್ರದಲ್ಲಿ ಕಪ್ಪಾಗಿ ಪಿತ್ತನಾಳ ನಿಚ್ಚಳವಾಗುತ್ತದೆ. ಪ್ಯಾಕೆಟ್ ರಸದಲ್ಲಿ ಒಂದೊಂದು ಸಲ ಒಂದೊಂದು ತರಹ ಬಂದಿತು. ಮಲ್ಲೇಶ್ವರದ ಹಣ್ಣಿನಂಗಡಿಯಿಂದ ತರಿಸಿದ ರಸ ನಮ್ಮಲ್ಲಿ ಚೆನ್ನಾಗಿ ಕೆಲಸ ಮಾಡಿತು.

ಸಿರೋಸಿಸ್‌ನಿಂದ ಹೊಟ್ಟೆಯಲ್ಲಿ ನೀರು ತುಂಬಿದವರ ವಿಷಯದಲ್ಲಂತೂ ನಮ್ಮ 1.5 ಟೆಸ್ಲಾವೇ ಮೇಲು. 3 ಟೆಸ್ಲಾದಲ್ಲಿ ಅಂಥವರ ಚಿತ್ರದ ನಡುವೆ ಕಪ್ಪು ನೆರಳು ಬೀಳುತ್ತದೆ. ಆದರೆ ನೀರು ಒತ್ತಿ ಅವರಿಗೆ ಊದಲು ಆಗುವುದಿಲ್ಲ, ಅಂಗಾತ ಮಲಗಲೂ ಕಷ್ಟ. ವೈದ್ಯರ ಒಪ್ಪಿಗೆ ಪಡೆದು, ಹಿಂದಿನ ದಿನ ನೀರು ತೆಗೆಸಿಕೊಂಡು ಬಂದವರಿಗೆ ಬೆಳಗಿನ ಮೊದಲ ಸ್ಲಾಟ್ ಕೊಡುತ್ತಿದ್ದೇನೆ. ಈವರೆಗೆ ಏಳು ಜನ ಬಂದಿದ್ದಾರೆ, ಐವರ ಚಿತ್ರ ಚೆನ್ನಾಗಿ ಬಂದಿದೆ.