ಬೀದಿ ಜಗಳ ಕೇಸಾದರೆ ಏನು ಮಾಡಬೇಕು? ‘ಸುಮ್ನೆ ನಿಂತಿದ್ದ’ ಎನ್ನುವವರ ಮನೆಯವರಿಗೆ

ಭಾನುವಾರ ರಾತ್ರಿ ಹತ್ತೂವರೆಗೆ ಫೋನ್ ಬಂತೆಂದರೆ ವಿಷಯ ಅರ್ಧ ಗೊತ್ತಾಗಿಬಿಡುತ್ತದೆ. ಆ ಕಡೆ ಯಾರದೋ ತಾಯಿಯ ದನಿ. “ಮೇಡಂ, ನಮ್ ಹುಡುಗನ್ನ ಸ್ಟೇಷನ್‌ಗೆ ಕರ್ಕಂಡೋಗವ್ರೆ. ಅವ್ನೇನೂ ಮಾಡಿಲ್ಲ. ಸುಮ್ನೆ ನಿಂತಿದ್ದ ಅಷ್ಟೆ.”

ಮಂಡ್ಯದಲ್ಲಿ ವಕೀಲಿ ಶುರು ಮಾಡಿದ ದಿನದಿಂದ ಈ ಮಾತು ಕೇಳುತ್ತಲೇ ಇದ್ದೇನೆ. ಹೆಚ್ಚಿನ ಸಲ ಅದು ನಿಜವೇ ಆಗಿರುತ್ತದೆ. ಕಳೆದ ಸಲ ಬಂದ ಫೋನ್ ಒಂದು ಟೀ ಅಂಗಡಿ ಮುಂದಿನ ಜಗಳದ್ದು. ಬೈಕ್ ಅಡ್ಡ ನಿಲ್ಲಿಸಿದ್ದಕ್ಕೆ ಮಾತು ಶುರುವಾಗಿದೆ. ಒಬ್ಬ ಪ್ಲಾಸ್ಟಿಕ್ ಕುರ್ಚಿ ಎತ್ತಿದ್ದಾನೆ, ಇನ್ನೊಬ್ಬ ಅಂಗಿ ಹಿಡಿದಿದ್ದಾನೆ, ಎರಡೂ ಕಡೆ ಗೆಳೆಯರು ಸೇರಿಕೊಂಡಿದ್ದಾರೆ. ಪೊಲೀಸರು ಬಂದಾಗ ಅಲ್ಲಿ ಉಳಿದಿದ್ದವರು ಏಳು ಜನ. ಏಳೂ ಹೆಸರು ಬರೆದುಕೊಂಡರು. ಈ ಹುಡುಗ ಡಿಪ್ಲೊಮಾ ಕೊನೆ ವರ್ಷದವನು, ಕೈಯಲ್ಲಿ ಅರ್ಧ ಕುಡಿದ ಟೀ ಲೋಟ.

ಇಂಥ ರಾತ್ರಿ ಮನೆಯವರು ಮಾಡುವ ದೊಡ್ಡ ತಪ್ಪು ಒಂದೇ. ‘ಸಣ್ಣ ಕೇಸು, ಏನೋ ಒಂದು ಸೈನ್ ಹಾಕಿ ಬಿಡಿಸಿಕೊಂಡು ಬನ್ನಿ’ ಅನ್ನುವುದು. ಹಾಗಾಗಿ ಮೊದಲಿನಿಂದ ಹೇಳುತ್ತೇನೆ.

ಮೊದಲು ತಲೆ ಎಣಿಸಿ

ಬೀದಿಯ ಗಲಾಟೆ ವಿಷಯದಲ್ಲಿ ಕಾನೂನು ತಲೆ ಎಣಿಸುತ್ತದೆ. ಕುಡಿದು ರಸ್ತೆಯಲ್ಲಿ ರಂಪ ಮಾಡಲು ಒಬ್ಬ ಸಾಕು. ಹಳೆಯ ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 355ನೇ ಸೆಕ್ಷನ್ ಪ್ರಕಾರ ಅದಕ್ಕೆ 24 ಗಂಟೆವರೆಗೆ ಸಾದಾ ಸಜೆ, ಇಲ್ಲವೇ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇವುಗಳ ಬದಲು ಸಮುದಾಯ ಸೇವೆ ಮಾಡು ಅಂತಲೂ ಕೋರ್ಟ್ ಹೇಳಬಹುದು. ಕೂಲಿ ಇಲ್ಲದೆ ಊರಿಗೆ ಉಪಯೋಗವಾಗುವ ಕೆಲಸ ಮಾಡಿಕೊಡಬೇಕು. ಇದು ಹೊಸ ಕಾನೂನು ತಂದ ಒಳ್ಳೆಯ ಬದಲಾವಣೆ ಎಂಬುದು ನನ್ನ ಅಭಿಪ್ರಾಯ.

ಇಬ್ಬರು ಅಥವಾ ಹೆಚ್ಚು ಜನ ಸಾರ್ವಜನಿಕ ಜಾಗದಲ್ಲಿ ಹೊಡೆದಾಡಿ ನೆಮ್ಮದಿ ಕೆಡಿಸಿದರೆ ಸೆಕ್ಷನ್ 194. ಒಂದು ತಿಂಗಳವರೆಗೆ ಸಜೆ, ಇಲ್ಲವೇ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇಲ್ಲಿ ಜಾಗ ಮುಖ್ಯ. ಮನೆಯೊಳಗೆ ಅಣ್ಣತಮ್ಮಂದಿರು ಹೊಡೆದಾಡಿಕೊಂಡರೆ ಈ ಸೆಕ್ಷನ್ ಬರುವುದಿಲ್ಲ, ಬೇರೆ ಬರಬಹುದು.

ಐದು ಜನ ಆದರೆ ಲೆಕ್ಕವೇ ಬದಲಾಗುತ್ತದೆ. ಐದು ಅಥವಾ ಹೆಚ್ಚು ಜನ ಬಲ ತೋರಿಸಿ ಏನನ್ನೋ ಸಾಧಿಸಲು, ಆಸ್ತಿ ಹಾಳು ಮಾಡಲು, ಪೊಲೀಸರ ಕೆಲಸ ತಡೆಯಲು ಒಂದೇ ಉದ್ದೇಶದಿಂದ ನಿಂತರೆ ಅದು ಅಕ್ರಮ ಕೂಟ, ಸೆಕ್ಷನ್ 189. ಆರು ತಿಂಗಳವರೆಗೆ ಸಜೆ. ಆ ಕೂಟದಲ್ಲಿ ಯಾರೋ ಒಬ್ಬ ಬಲ ಅಥವಾ ಹಿಂಸೆ ಬಳಸಿದರೂ ಅದು ದೊಂಬಿ, ಸೆಕ್ಷನ್ 191. ಎರಡು ವರ್ಷದವರೆಗೆ ಸಜೆ, ಮಾರಕಾಸ್ತ್ರ ಹಿಡಿದವನಿಗೆ ಐದು ವರ್ಷದವರೆಗೆ. ಎಲ್ಲಕ್ಕಿಂತ ಭಾರದ್ದು ಸೆಕ್ಷನ್ 190. ಕೂಟದ ಉದ್ದೇಶಕ್ಕಾಗಿ ಒಬ್ಬ ಮಾಡಿದ ಅಪರಾಧಕ್ಕೆ ಕೂಟದಲ್ಲಿದ್ದ ಎಲ್ಲರೂ ಹೊಣೆ.

ಹಾಗಾದರೆ ಸುಮ್ನೆ ನಿಂತಿದ್ದವನ ಗತಿ? ಕುತೂಹಲಕ್ಕೆ ನೋಡುತ್ತಾ ನಿಂತವನು ಕೂಟದ ಸದಸ್ಯ ಆಗುವುದಿಲ್ಲ. ಆದರೆ ಉದ್ದೇಶ ಹಂಚಿಕೊಂಡು ನಿಂತವನು ಒಂದೇಟೂ ಹೊಡೆಯದಿದ್ದರೂ ಸದಸ್ಯನೇ ಎಂದು 1964ರ ಮಸಾಲ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೇಸು ನಿಲ್ಲುವುದೂ ಬೀಳುವುದೂ ಇವೆರಡರ ನಡುವಿನ ಗೆರೆಯ ಮೇಲೆ. ಅದಕ್ಕೇ ನಾನು ಮನೆಯವರಿಗೆ ಹೇಳುವ ಮೊದಲ ಕೆಲಸ, ಬೆಳಿಗ್ಗೆ ಎದ್ದು ಆ ಟೀ ಅಂಗಡಿ, ಎದುರಿನ ಮೆಡಿಕಲ್ ಸ್ಟೋರ್, ಎಲ್ಲೆಲ್ಲಿ ಸಿಸಿಟಿವಿ ಇದೆ ನೋಡಿ. ಹಳೆಯ ರೆಕಾರ್ಡಿಂಗ್ ಮೇಲೆ ಹೊಸದು ಬಂದು ಕೂತುಬಿಡುತ್ತದೆ. ‘ಈ ದೃಶ್ಯ ವಶಪಡಿಸಿಕೊಳ್ಳಿ’ ಎಂದು ತನಿಖಾಧಿಕಾರಿಗೆ ಬರವಣಿಗೆಯಲ್ಲಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಲೋಟ ಹಿಡಿದು ನಿಂತಿದ್ದ ಹುಡುಗನಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

‘ಹೋಗಿ’ ಅಂದಾಗ ಹೋಗಿ

ಪೊಲೀಸರು ಚದುರಿ ಎಂದ ಮೇಲೂ ನಿಂತರೆ ಲೆಕ್ಕ ಬೇರೆ. ಅಕ್ರಮ ಕೂಟದಲ್ಲಿ ಹಾಗೆ ಉಳಿದವನಿಗೆ ಎರಡು ವರ್ಷದವರೆಗೆ ಸಜೆ ಆಗಬಹುದು. ಕೂಟ ಅಕ್ರಮವೇ ಅಲ್ಲದಿದ್ದರೂ, ಐದು ಜನರಿದ್ದು ಶಾಂತಿ ಕದಡುವ ಸಾಧ್ಯತೆ ಇದ್ದಾಗ ಆದೇಶ ಮೀರಿ ನಿಂತರೆ ಆರು ತಿಂಗಳವರೆಗೆ. ಆ ಹೊತ್ತಲ್ಲಿ ವಾದ ಮಾಡಬೇಡಿ. ಪೊಲೀಸರ ಮೈಮೇಲೆ ಕೈ ಹೋದರಂತೂ ಸೆಕ್ಷನ್ 132 ಬೀಳುತ್ತದೆ, ಅದಕ್ಕೆ ಸ್ಟೇಷನ್‌ನಲ್ಲಿ ಜಾಮೀನಿಲ್ಲ. ಎಷ್ಟೋ ಹುಡುಗರು ಜಗಳದಿಂದಲ್ಲ, ಆ ಒಂದು ತಳ್ಳಾಟದಿಂದ ಜೈಲು ನೋಡಿದ್ದಾರೆ.

ಸ್ಟೇಷನ್‌ನಲ್ಲಿ ಕೇಳಬೇಕಾದದ್ದು

ಮೆಲ್ಲಗೆ, ಮರ್ಯಾದೆಯಿಂದ ಕೇಳಿ: “ಸಾರ್, ಯಾವ ಸೆಕ್ಷನ್ ಹಾಕಿದ್ದೀರಿ? ಎಫ್‌ಐಆರ್ ಆಗಿದೆಯಾ? ಅರೆಸ್ಟಾ, ನೋಟಿಸಾ?” ಈ ಮೂರು ಗೊತ್ತಾದರೆ ಮುಂದಿನ ದಾರಿ ಕಾಣುತ್ತದೆ.

ಬೈಗುಳ, ಸಾದಾ ಹೊಡೆತ, ಕುಡಿದ ರಂಪ ಇವು ಅಸಂಜ್ಞೇಯ. ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ತನಿಖೆ ಮಾಡುವಂತಿಲ್ಲ. 189, 191, 194 ಇವು ಸಂಜ್ಞೇಯ, ಅಂದರೆ ಆ ಅನುಮತಿ ಇಲ್ಲದೆಯೇ ಪೊಲೀಸರು ತನಿಖೆ ಮಾಡಬಹುದು, ಆದರೆ ಜಾಮೀನು ಸಿಗುವಂಥವು. ಒಂದೇ ಕೇಸಿನಲ್ಲಿ ಸಂಜ್ಞೇಯ ಸೆಕ್ಷನ್ ಒಂದು ಸೇರಿದರೂ ಇಡೀ ಕೇಸು ಸಂಜ್ಞೇಯವಾಗುತ್ತದೆ. ಜಾಮೀನು ಸಿಗುವಂಥದ್ದು ಅಂದರೆ ಅದು ನಿಮ್ಮ ಹಕ್ಕು, ಯಾರೂ ಕೊಡುವ ಉಪಕಾರ ಅಲ್ಲ. ಜನ ‘ಸ್ಟೇಷನ್ ಬೇಲ್’ ಅನ್ನುತ್ತಾರಲ್ಲ, ಅದೇ.

ಏಳು ವರ್ಷದವರೆಗೆ ಶಿಕ್ಷೆ ಇರುವ ಅಪರಾಧಗಳಲ್ಲಿ ಕಾರಣ ಬರೆಯದೆ ಅರೆಸ್ಟ್ ಮಾಡುವಂತಿಲ್ಲ. ಅಗತ್ಯ ಇಲ್ಲದಿದ್ದರೆ ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35(3)ರ ನೋಟಿಸ್ ಕೊಟ್ಟು ಕರೆಸಬೇಕು. ಆ ನೋಟಿಸ್ ಬಂದರೆ ತಪ್ಪದೆ ಹೋಗಿ. ತಪ್ಪಿಸಿದರೆ ಅರೆಸ್ಟ್‌ಗೆ ನೀವೇ ಕಾರಣ ಕೊಟ್ಟ ಹಾಗೆ.

ಅರೆಸ್ಟ್ ಆಯಿತು ಅಂದುಕೊಳ್ಳಿ. ಅರೆಸ್ಟ್ ಮೆಮೊ ಬರೆಯಬೇಕು. ಅದಕ್ಕೆ ಮನೆಯವರೊಬ್ಬರ ಅಥವಾ ಆ ಜಾಗದ ಗೌರವಸ್ಥರೊಬ್ಬರ ಸಾಕ್ಷಿ ಸಹಿ ಬೇಕು. ಕಾರಣ ಹೇಳಬೇಕು. ಮನೆಗೆ ಸುದ್ದಿ ಮುಟ್ಟಿಸಬೇಕು. ವೈದ್ಯಕೀಯ ಪರೀಕ್ಷೆ ಮಾಡಿಸಬೇಕು. ಡಾಕ್ಟರ್ ಮುಂದೆ ಹೆದರಬೇಡಿ, ಎಲ್ಲಿ ನೋವಿದೆ, ಹೇಗಾಯಿತು ಎಲ್ಲ ಹೇಳಿ ಬರೆಸಿ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಅರೆಸ್ಟ್ ಮಾಡುವಂತಿಲ್ಲ. ತೀರಾ ಅಪರೂಪದ ಸಂದರ್ಭದಲ್ಲಿ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟ್ ಅನುಮತಿ ಪಡೆದು ಮಾಡಬೇಕು.

ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವಿದೆ. 15100ಕ್ಕೆ ಫೋನ್ ಮಾಡಿ. ಎಫ್‌ಐಆರ್ ಪ್ರತಿಯನ್ನು 24 ಗಂಟೆಯೊಳಗೆ ವೆಬ್‌ಸೈಟ್‌ಗೆ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ, ಸೂಕ್ಷ್ಮ ಕೇಸುಗಳನ್ನು ಬಿಟ್ಟು. ಅದನ್ನು ಓದದೆ ಯಾವ ಹೇಳಿಕೆಗೂ ಕೈ ಹಾಕಬೇಡಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನನ್ನ ಸ್ವಂತ ಅಣ್ಣನ ಮಗನ ಕೈಯಲ್ಲಿ ಒಂದು ಸ್ಟೇಷನ್‌ನಲ್ಲಿ ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡಿದ್ದರು. ನಾನು ತಲುಪುವಷ್ಟರಲ್ಲಿ ಕೆಲಸ ಆಗಿಹೋಗಿತ್ತು. ಆಮೇಲೆ ಆ ಹಾಳೆಯ ಮೇಲ್ಭಾಗದಲ್ಲಿ ‘ನಾನೇ ಮೊದಲು ಹೊಡೆದೆ’ ಎಂಬ ಸಾಲು ಬಂತು. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷಿಯಾಗುವುದಿಲ್ಲ, ನಿಜ. ಆದರೂ ಆ ಸಾಲನ್ನು ತೊಳೆಯಲು ನಮಗೆ ಮೂರು ವರ್ಷ ಬೇಕಾಯಿತು. ಖಾಲಿ ಹಾಳೆಗೆ ಸಹಿ ಬೇಡ. ಸಹಿ ಹಾಕಲೇಬೇಕಾದರೆ ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆದು, ತಾರೀಖು, ಗಂಟೆ ಬರೆದು ಹಾಕಿ.

‘107’ ಅನ್ನುವ ಕಾಗದ

ಜಗಳ ಮುಗಿದು ಹದಿನೈದು ದಿನಕ್ಕೆ ಇನ್ನೊಂದು ನೋಟಿಸ್ ಬರುತ್ತದೆ. ಜನ ಇವತ್ತಿಗೂ ಅದನ್ನು ಸಿಆರ್‌ಪಿಸಿಯ ಹಳೆಯ ಸೆಕ್ಷನ್ ನಂಬರಿನಿಂದ ‘107’ ಅಂತಲೇ ಕರೆಯುತ್ತಾರೆ. 2024ರ ಜುಲೈ 1ರಿಂದ ಅದು ಸುರಕ್ಷಾ ಸಂಹಿತೆಯ 126. ಇದು ಶಿಕ್ಷೆ ಅಲ್ಲ, ಮುಂದೆ ಶಾಂತಿ ಕದಡುವುದಿಲ್ಲ ಎಂಬ ಮುಚ್ಚಳಿಕೆ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಗೆ ಬರೆಸಿಕೊಳ್ಳುವಂತಿಲ್ಲ.

ಮಂಡ್ಯದಲ್ಲಿ ಇದು ತಾಲ್ಲೂಕು ಕಚೇರಿಯಲ್ಲಿ, ತಹಶೀಲ್ದಾರ್ ಮುಂದೆ ನಡೆಯುತ್ತದೆ. ಅವರೇ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್. ಪಹಣಿ, ಜಾತಿ ಪ್ರಮಾಣಪತ್ರದ ಸಾಲಿನ ಪಕ್ಕದಲ್ಲೇ ಈ ಸಾಲೂ ಇರುತ್ತದೆ. ಹಾಗಾಗಿ ಜನಕ್ಕೆ ಇದೂ ಒಂದು ಅರ್ಜಿ ಫಾರಂ ಅನ್ನಿಸಿಬಿಡುತ್ತದೆ. ಮೈಸೂರು ನಗರದಲ್ಲಿ ಕಮಿಷನರೇಟ್ ಇರುವುದರಿಂದ ಈ ಅಧಿಕಾರ ಪೊಲೀಸ್ ಅಧಿಕಾರಿಗಳ ಕೈಯಲ್ಲೇ ಇದೆ.

ಕಾಗದ ಕೈಗೆ ಬಂದಾಗ ನಾಲ್ಕು ಸಂಗತಿ ಹುಡುಕಿ. ನಿಮ್ಮ ಮೇಲೆ ಬಂದಿರುವ ಮಾಹಿತಿ ಏನು, ಮುಚ್ಚಳಿಕೆಯ ಮೊತ್ತ ಎಷ್ಟು, ಎಷ್ಟು ದಿನಕ್ಕೆ, ಶ್ಯೂರಿಟಿ ಎಷ್ಟು ಜನ ಬೇಕು. ಇವು ಆದೇಶದಲ್ಲಿ ಇರಲೇಬೇಕು. ‘ಗಲಾಟೆ ಸ್ವಭಾವದವನು’ ಎಂಬ ಒಂದೇ ಸಾಲಿದ್ದರೆ ಸಾಲದು. ಒಪ್ಪಿಗೆ ಇಲ್ಲದಿದ್ದರೆ ವಿಚಾರಣೆ ಕೇಳಿ, ಸಾಕ್ಷಿ ಕರೆಸಿ. ವಿಚಾರಣೆ ಆರು ತಿಂಗಳಲ್ಲಿ ಮುಗಿಯಬೇಕು. ಮುಚ್ಚಳಿಕೆ ಬರೆದುಕೊಟ್ಟ ಮೇಲೆ ಮತ್ತೆ ಜಗಳವಾದರೆ ಆ ಹಣ ಹೋಗುತ್ತದೆ, ಉಳಿದ ಅವಧಿಗೆ ಜೈಲೂ ಆಗಬಹುದು. ಬರೆದುಕೊಡುವ ಮೊದಲು ಇದನ್ನು ಹುಡುಗನ ಎದುರು ಕೂತು ಓದಿ ಹೇಳಿ.

ನಿಷೇಧಾಜ್ಞೆ, ರಸ್ತೆ ತಡೆ, ಕಾವೇರಿ

ಮಂಡ್ಯದವರಿಗೆ ಇದನ್ನು ಹೇಳದೆ ಹೋದರೆ ಲೇಖನ ಪೂರ್ತಿಯಾಗುವುದಿಲ್ಲ. ಕಾವೇರಿ ನೀರಿನ ಮಾತು ಬಂದಾಗಲೆಲ್ಲ ನಮ್ಮ ಹೆದ್ದಾರಿಗೆ ಜನ ಇಳಿಯುತ್ತಾರೆ. ಆಯುಧ ಇಲ್ಲದೆ, ಶಾಂತಿಯಿಂದ ಸೇರುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ಆ ಹಕ್ಕಿನ ಮೇಲೆ ನನಗೆ ಪ್ರೀತಿ ಇದೆ. ನಮ್ಮ ರೈತರು ಬೀದಿಗೆ ಇಳಿಯದಿದ್ದರೆ ಅವರ ಮಾತು ಎಷ್ಟು ದೂರ ಹೋಗುತ್ತಿತ್ತು, ಯೋಚಿಸಿ.

ಆದರೆ ಹಾಗೆ ಸೇರುವ ಮೊದಲು ಸ್ಟೇಷನ್‌ಗೆ ಬರವಣಿಗೆಯಲ್ಲಿ ತಿಳಿಸಿ. ಜಾಗ, ಸಮಯ, ಎಷ್ಟು ಜನ, ಯಾರು ಹೊಣೆ ಎಲ್ಲ ಬರೆಯಿರಿ. ನಿಷೇಧಾಜ್ಞೆ ಇದೆಯಾ ನೋಡಿ, ಅದರ ಹಳೆಯ ಸೆಕ್ಷನ್ 144 ಈಗ ಸುರಕ್ಷಾ ಸಂಹಿತೆಯ 163. ಮಂಡ್ಯದಲ್ಲಿ ಜಿಲ್ಲಾಧಿಕಾರಿ, ಮೈಸೂರು ನಗರದಲ್ಲಿ ಪೊಲೀಸ್ ಕಮಿಷನರ್ ಹೊರಡಿಸುತ್ತಾರೆ. ಅದು ಎರಡು ತಿಂಗಳಿಗೆ ಮೀರುವಂತಿಲ್ಲ, ಸರ್ಕಾರ ಮಾತ್ರ ಇನ್ನೂ ಆರು ತಿಂಗಳವರೆಗೆ ಮುಂದುವರಿಸಬಹುದು. ಕಾರಣ ಬರೆಯಬೇಕು, ನ್ಯಾಯವಾದ ಪ್ರತಿಭಟನೆಯ ಬಾಯಿ ಮುಚ್ಚಿಸಲು ಬಳಸಬಾರದು ಎಂದು 2020ರ ಅನುರಾಧಾ ಭಾಸಿನ್ ತೀರ್ಪು ಹೇಳುತ್ತದೆ. ಆದೇಶ ಮೀರಿದ್ದಕ್ಕೆ ನ್ಯಾಯ ಸಂಹಿತೆಯ ಸೆಕ್ಷನ್ 223 ಹಾಕುತ್ತಾರೆ. ಆ ಕೇಸನ್ನು ಕೋರ್ಟ್ ಕೈಗೆತ್ತಿಕೊಳ್ಳಬೇಕಾದರೆ ಆದೇಶ ಹೊರಡಿಸಿದ ಅಧಿಕಾರಿ, ಅವರ ಮೇಲಧಿಕಾರಿ ಅಥವಾ ಅವರು ಅಧಿಕಾರ ಕೊಟ್ಟ ಇನ್ನೊಬ್ಬ ಅಧಿಕಾರಿಯ ಲಿಖಿತ ದೂರು ಬೇಕು. ಅದಿಲ್ಲದೆ ಬಂದ ಕೇಸುಗಳನ್ನು ಪ್ರಶ್ನಿಸಬಹುದು.

ಬಂದ್ ದಿನ ಬೆಳಗಿನ ಜಾವವೇ ಮುಖಂಡರನ್ನು ಕರೆದೊಯ್ಯುವುದು ಮುನ್ನೆಚ್ಚರಿಕೆ ಬಂಧನ, ಸುರಕ್ಷಾ ಸಂಹಿತೆಯ ಸೆಕ್ಷನ್ 170. 24 ಗಂಟೆಗಿಂತ ಜಾಸ್ತಿ ಹಿಡಿದಿಡುವಂತಿಲ್ಲ.

ಆದರೆ ಬಸ್ಸಿಗೆ ಕಲ್ಲು ಬಿದ್ದ ಕ್ಷಣ ಎಲ್ಲ ಬದಲಾಗುತ್ತದೆ. ಶುರುವಿನಲ್ಲಿ ಸಕ್ರಮವಾಗಿದ್ದ ಕೂಟವೂ ಆಮೇಲೆ ಅಕ್ರಮ ಆಗಬಹುದು ಎಂದು ಕಾನೂನೇ ಹೇಳುತ್ತದೆ. ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆ, 1984 ಪ್ರಕಾರ ಐದು ವರ್ಷದವರೆಗೆ ಸಜೆ, ಬೆಂಕಿ ಹಚ್ಚಿದರೆ ಹತ್ತು ವರ್ಷದವರೆಗೆ. ಪಕ್ಕದವನ ಕೈಯಲ್ಲಿ ಕಲ್ಲು ಕಂಡರೆ ಅಲ್ಲಿಂದ ದೂರ ಸರಿಯಿರಿ, ದಯವಿಟ್ಟು.

‘ಒಪ್ಪಿಕೊಂಡು ದಂಡ ಕಟ್ಟಿಬಿಡು’

ಊರಲ್ಲಿ ರಾಜಿ ಆಯ್ತಲ್ಲ, ಕೇಸೂ ಮುಗೀತು ಅಂದುಕೊಳ್ಳುತ್ತಾರೆ. ಸಾದಾ ಹೊಡೆತ, ಬೈಗುಳ ಇವನ್ನು ಕೋರ್ಟಿನಲ್ಲಿ ರಾಜಿ ಮಾಡಿಕೊಳ್ಳಬಹುದು. 194 ಮತ್ತು 191 ರಾಜಿಯಾಗುವ ಪಟ್ಟಿಯಲ್ಲಿಲ್ಲ. ಆಗ ಯಾರೋ ಹೇಳುತ್ತಾರೆ, ತಪ್ಪಾಯ್ತು ಅಂತ ಒಪ್ಪಿಕೊಂಡು ದಂಡ ಕಟ್ಟು, ಒಂದೇ ದಿನದಲ್ಲಿ ಮುಗಿಯುತ್ತೆ.

ಮುಗಿಯುವುದಿಲ್ಲ. ಒಪ್ಪಿಕೊಂಡರೆ ಅದು ಶಿಕ್ಷೆ, ದಾಖಲೆಯಲ್ಲಿ ಉಳಿಯುತ್ತದೆ. ಮೈಸೂರಿನ ಒಬ್ಬ ಹುಡುಗ ಹಿಂದೆ ದಸರಾ ಸಮಯದಲ್ಲಿ, ಪಂಜಿನ ಕವಾಯತು ನೋಡಿ ಬನ್ನಿಮಂಟಪದಿಂದ ವಾಪಸಾಗುವಾಗ ನೂಕುನುಗ್ಗಲಲ್ಲಿ ಜಗಳವಾಡಿಕೊಂಡಿದ್ದ. ಆಗಿನ್ನೂ ಐಪಿಸಿ ಇತ್ತು, ಸೆಕ್ಷನ್ 160, ದಂಡ ಹೆಚ್ಚೆಂದರೆ 100 ರೂಪಾಯಿ. ಕಟ್ಟಿ ಮನೆಗೆ ಹೋದ, ಮರೆತೂಬಿಟ್ಟ. ವರ್ಷಗಳಾದ ಮೇಲೆ ಸರ್ಕಾರಿ ಕೆಲಸ ಸಿಕ್ಕಿತು. ಪೊಲೀಸ್ ವೆರಿಫಿಕೇಷನ್ ಫಾರಂ ಹಿಡಿದುಕೊಂಡು ನನ್ನ ಹತ್ತಿರ ಬಂದ. ‘ನಿಮ್ಮ ಮೇಲೆ ಎಂದಾದರೂ ಅಪರಾಧ ಸಾಬೀತಾಗಿದೆಯೇ?’ ಎಂಬ ಕಾಲಮ್ಮಿನ ಮೇಲೆ ಅವನ ಬೆರಳು ನಿಂತಿತ್ತು. “ಇಲ್ಲ ಅಂತ ಬರೀಲಾ ಮೇಡಂ?” ಅಂದ.

ಬೇಡ ಅಂದೆ. ಅವತಾರ್ ಸಿಂಗ್ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಫಾರಂನಲ್ಲಿ ಕೇಳಿದ್ದಕ್ಕೆ ನಿಜ ಹೇಳಬೇಕು. ನಿಜ ಹೇಳಿದರೂ ಕೆಲಸ ಕೊಡಲೇಬೇಕೆಂದಿಲ್ಲ, ಆದರೆ ಅಪರಾಧ ಎಷ್ಟು ಸಣ್ಣದು ಎಂದು ನೋಡಿ ತೀರ್ಮಾನಿಸಲು ಅವಕಾಶ ಇರುತ್ತದೆ. ಮುಚ್ಚಿಟ್ಟರೆ ಮುಚ್ಚಿಟ್ಟದ್ದೇ ದೊಡ್ಡ ತಪ್ಪಾಗಿಬಿಡಬಹುದು.

ಕೋರ್ಟಿನಿಂದ ಆ ಆದೇಶದ ದೃಢೀಕೃತ ನಕಲು ತೆಗೆಸಿದೆವು. ಒಂದೇ ಪುಟ. ‘ಹೌದು’ ಎಂದು ಬರೆದು, ಕೇಸ್ ನಂಬರ್, ವರ್ಷ, ಸೆಕ್ಷನ್, ದಂಡದ ಮೊತ್ತ ಎಲ್ಲವನ್ನೂ ತುಂಬಿ, ಆ ಪುಟವನ್ನು ಫಾರಂ ಹಿಂದೆ ಪಿನ್ ಮಾಡಿದ.