ಪಿಜಿಅಡ್ಮಿನ್ ಬ್ಯಾಕಪ್: ‘ಕಸ್ಟಮ್’ ಆರಿಸಿ, ಖಾಲಿ ಡೇಟಾಬೇಸ್‌ಗೆ ತುಂಬಿ
ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗಳನ್ನು ನಿರ್ವಹಿಸುವ ಪಿಜಿಅಡ್ಮಿನ್‌ನಲ್ಲಿ ಬ್ಯಾಕಪ್ ತೆಗೆಯುವಾಗ ಫಾರ್ಮ್ಯಾಟ್ ‘ಪ್ಲೇನ್’ ಬೇಡ, ‘ಕಸ್ಟಮ್’ ಇರಲಿ. ರಿಸ್ಟೋರ್ ಮಾಡುವಾಗ ಹಳೆಯ ಡೇಟಾಬೇಸ್ ಮೇಲೆಯೇ ಸುರಿಯದೆ, ಹೊಸದೊಂದು ಖಾಲಿ ಡೇಟಾಬೇಸ್ ಮಾಡಿ ಅದಕ್ಕೆ ತುಂಬಿ. ಕಸ್ಟಮ್ ಫೈಲಿನ ಗಾತ್ರ ತಾನಾಗಿಯೇ ಕುಗ್ಗಿರುತ್ತದೆ, ಒಳಗೆ ವಿವರಪಟ್ಟಿ ಇರುವುದರಿಂದ ಬೇಕಾದ ಒಂದೇ ಟೇಬಲನ್ನೂ ಹೊರತೆಗೆಯಬಹುದು. ಖಾಲಿ ಡೇಟಾಬೇಸ್‌ನಲ್ಲಿ ‘ಈಗಾಗಲೇ ಇದೆ’ ಎಂಬ ಎರರ್‌ಗಳ ಕಾಟವಿಲ್ಲ. ಮುಖ್ಯವಾಗಿ, ರಿಸ್ಟೋರ್ ಅರ್ಧಕ್ಕೆ ನಿಂತರೂ ಹಳೆಯದು ಸುರಕ್ಷಿತ. ಆದರೆ ಯೂಸರ್ ರೋಲ್‌ಗಳು (ಲಾಗಿನ್ ಖಾತೆಗಳು, ಗುಂಪುಗಳು) ಈ ಫೈಲಿನಲ್ಲಿ ಬರುವುದಿಲ್ಲ. ಬೇರೆ ಸರ್ವರ್‌ಗೆ ಒಯ್ಯುವುದಾದರೆ, ಸರ್ವರ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಬ್ಯಾಕಪ್ ಗ್ಲೋಬಲ್ಸ್’ ಕೂಡ ತೆಗೆದುಕೊಂಡು, ಅಲ್ಲಿ ಮೊದಲು ಅದನ್ನೇ ಓಡಿಸಿ. ಇನ್ನು, ಬ್ಯಾಕಪ್ ತೆಗೆಯಲು ಪಿಜಿಅಡ್ಮಿನ್ ಬಳಸುವ ಪಿಜಿ_ಡಂಪ್ ಪ್ರೋಗ್ರಾಂ ಸರ್ವರ್‌ಗಿಂತ ಹಳೆಯ ಮುಖ್ಯ ಆವೃತ್ತಿಯದಾದರೆ ‘ವರ್ಷನ್ ಮಿಸ್‌ಮ್ಯಾಚ್’ ಎಂದು ಬ್ಯಾಕಪ್ಪೇ ನಿಂತುಬಿಡುತ್ತದೆ. ಪ್ರಿಫರೆನ್ಸಸ್‌ನ ‘ಬೈನರಿ ಪಾತ್ಸ್’ನಲ್ಲಿ ಹೊಸ ಆವೃತ್ತಿಯ ಪಿಜಿ_ಡಂಪ್ ಇರುವ ‘ಬಿನ್’ ಫೋಲ್ಡರ್ ತೋರಿಸಿ.